ಥೈರಾಯ್ಡ್ ಅನುಮಾನವೇ? ಡಾಕ್ಟರಿಗೆ ಹೀಗೆ ಹೇಳಿ

‘ಯಾಕೋ ತುಂಬಾ ಸುಸ್ತು ಡಾಕ್ಟ್ರೇ.’ ಎಷ್ಟೋ ಹೆಂಗಸರ ಮಾತು ಇಲ್ಲಿಗೇ ನಿಂತುಬಿಡುತ್ತದೆ. ಹೊರಗೆ ಜನ ಕಾಯುತ್ತಿರುತ್ತಾರೆ. ಒಂದು ಬಿ-ಕಾಂಪ್ಲೆಕ್ಸ್, ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತು, ಅಷ್ಟಕ್ಕೆ ಭೇಟಿ ಮುಗಿಯುತ್ತದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ತೊಂದರೆಯೂ ಸೇರಿ ಸುಸ್ತಿಗೆ ನೂರು ಕಾರಣಗಳಿರುವಾಗ ಆ ಒಂದೇ ಪದದಿಂದ ಯಾವ ಡಾಕ್ಟರಿಗೂ ದಾರಿ ತೋಚುವುದಿಲ್ಲ.

ಮೊದಲ ಕೆಲಸ, ಮನೆಯಲ್ಲೇ ಒಂದು ಹಾಳೆ ಬರೆಯುವುದು. ಎಲ್ಲರೂ ಎಡವುವುದು ಇಲ್ಲೇ. ನೋವುಗಳ ಪಟ್ಟಿ ಬೇಡ, ಏನು ಬದಲಾಯಿತು ಎಂಬುದನ್ನು ಬರೆಯಿರಿ. ‘ಸುಸ್ತು’ ಅನ್ನುವ ಬದಲು ‘ಯುಗಾದಿಯವರೆಗೆ ಎರಡು ಮಹಡಿ ಸಲೀಸಾಗಿ ಹತ್ತುತ್ತಿದ್ದೆ, ಈಗ ಮಧ್ಯದಲ್ಲಿ ಕೂರುತ್ತೇನೆ’ ಎನ್ನಿ. ‘ದಪ್ಪ ಆದೆ’ ಅನ್ನುವ ಬದಲು ಒಂದೇ ತಕ್ಕಡಿಯಲ್ಲಿ ನೋಡಿದ ತೂಕವನ್ನು ತಾರೀಖಿನ ಸಮೇತ ಬರೆಯಿರಿ. ಮನೆಯವರೆಲ್ಲ ಫ್ಯಾನ್ ಹಾಕಿಕೊಂಡಾಗ ನಿಮಗೊಬ್ಬರಿಗೇ ಚಳಿಯೇ? ಮಲಬದ್ಧತೆ, ಕೂದಲು ಉದುರುವುದು, ಒಣಚರ್ಮ, ದನಿ ಗೊಗ್ಗರಾಗುವುದು, ಇವೆಲ್ಲ ಯಾವ ತಿಂಗಳಿಂದ? ಮುಟ್ಟಿನ ವಿಷಯವನ್ನು ದಯವಿಟ್ಟು ನಾಚಿಕೆಯಿಂದ ಬಿಡಬೇಡಿ. ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್ ಎಂದು ಬರೆಯಿರಿ. ತಾಯಿ, ಅಕ್ಕತಂಗಿಯರಿಗೆ ಥೈರಾಯ್ಡ್ ಇದ್ದರೆ, ಇತ್ತೀಚೆಗೆ ಹೆರಿಗೆಯಾಗಿದ್ದರೆ, ಲಿಥಿಯಂ (ಮಾನಸಿಕ ಏರುಪೇರಿಗೆ ಕೊಡುವುದು) ಅಥವಾ ಅಮಿಯೊಡರೋನ್ (ಎದೆಬಡಿತದ ತೊಂದರೆಗೆ ಕೊಡುವುದು) ಮಾತ್ರೆ ನುಂಗುತ್ತಿದ್ದರೆ ಅದನ್ನು ಮೇಲಿನ ಸಾಲಿನಲ್ಲೇ ಹಾಕಿ. ತೂಕ ಇಳಿದು, ಕೈ ನಡುಗಿ, ಎದೆ ಡವಗುಟ್ಟುವುದೂ ಥೈರಾಯ್ಡ್ ಇರಬಹುದು, ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಹೀಗಾಗುತ್ತದೆ. ಅದನ್ನು ಬರೀ ಗಾಬರಿ ಎಂದುಕೊಂಡು ಸುಮ್ಮನಿರಬೇಡಿ.

ಒಳಗೆ ಹೋದ ಮೇಲೆ ನೀವೇ ಮಾತಾಡಿ. ಗಂಡನೋ ಅತ್ತೆಯೋ ‘ಅವಳದ್ದು ಯಾವಾಗಲೂ ಇದ್ದದ್ದೇ’ ಎಂದರೆ ಅಲ್ಲಿಗೆ ಕಥೆ ಮುಗಿಯಿತು. ‘ನನಗೆ ಥೈರಾಯ್ಡ್ ಇದೆ, ಗೂಗಲ್‌ನಲ್ಲಿ ನೋಡಿದೆ’ ಎಂದು ಶುರುಮಾಡಬೇಡಿ. ಹಾಳೆ ಕೊಟ್ಟು, ‘ಟಿಎಸ್‌ಎಚ್ ಒಮ್ಮೆ ನೋಡಬಹುದೇ?’ ಎಂದು ಕೇಳಿ. ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನನ್ನು ಅಳೆಯುವ ರಕ್ತಪರೀಕ್ಷೆ ಅದು; ಗ್ರಂಥಿ ಮಂದವಾದರೆ ಸಾಮಾನ್ಯವಾಗಿ ಏರುತ್ತದೆ. ಬೇಡ ಎಂದರೆ, ‘ಹಾಗಾದರೆ ನಿಮಗೆ ಏನು ಅನ್ನಿಸುತ್ತಿದೆ? ಇದು ಹೋಗದಿದ್ದರೆ ಯಾವಾಗ ಬರಲಿ?’ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಆಗಲೂ ಕಿವಿಗೊಡದಿದ್ದರೆ ಬೇರೆ ಡಾಕ್ಟರ ಬಳಿ ಹೋಗಿ. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ರಕ್ತಪರೀಕ್ಷೆ ಸುಲಭ. ಟಿಎಸ್‌ಎಚ್, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನಿನ ಅಳತೆ) ಸಾಕು; ಸಾವಿರಾರು ರೂಪಾಯಿಯ ‘ಫುಲ್ ಬಾಡಿ ಪ್ಯಾಕೇಜ್’ ಬೇಡ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೂ ಡಾಕ್ಟರಿಗೂ ಮೊದಲೇ ಹೇಳಿ, ಕನಿಷ್ಠ 2 ದಿನ ಮುಂಚೆ ನಿಲ್ಲಿಸಿ. ಅದು ಫಲಿತಾಂಶವನ್ನೇ ತಪ್ಪಿಸಿ, ಇರುವ ಕಾಯಿಲೆಯನ್ನು ಮುಚ್ಚಿಹಾಕಬಹುದು. ‘ಥೈರಾಯ್ಡ್ ಬುಡಸಮೇತ ವಾಸಿ’ ಎಂದು ಮಾರುವ ಪುಡಿ, ಕಡಲಕಳೆಯ ಮಾತ್ರೆಗಳನ್ನು ಮುಟ್ಟಲೇಬೇಡಿ; ಅತಿಯಾದ ಅಯೋಡಿನ್‌ನಿಂದ ಗ್ರಂಥಿ ಇನ್ನಷ್ಟು ಕೆಡಬಹುದು.

‘ನಾರ್ಮಲ್’ ಎಂಬ ಮಾತು ಕೇಳಿ ಎದ್ದು ಬರಬೇಡಿ, ವರದಿಯ ಪ್ರತಿ ಇಸಿದುಕೊಳ್ಳಿ. ಟಿಎಸ್‌ಎಚ್‌ನ ಮೇಲಿನ ಮಿತಿ ಹೆಚ್ಚಿನ ಲ್ಯಾಬುಗಳಲ್ಲಿ 4ರಿಂದ 5ರ ಆಸುಪಾಸು. ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸುವ ಬಗ್ಗೆ, ದೇಹದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ಬಿದ್ದಿದೆಯೇ ಎಂದು ನೋಡುವ ಆಂಟಿ-ಟಿಪಿಒ ಪರೀಕ್ಷೆಯ ಬಗ್ಗೆ ಕೇಳಿ. ಗರ್ಭಿಣಿಯಾಗಿದ್ದರೆ ಮಾತ್ರ ಹೀಗೆ ಕಾಯಬಾರದು, ಕೂಡಲೇ ತೋರಿಸಬೇಕು. ಎಲ್ಲವೂ ನಿಜಕ್ಕೂ ಸರಿಯಿದ್ದರೆ ಥೈರಾಯ್ಡನ್ನೇ ಹಿಡಿದು ಕೂರದೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು), ಬಿ12, ಸಕ್ಕರೆ ನೋಡಿಸಿ. ರಕ್ತಹೀನತೆಯ ಸುಸ್ತೂ ಇದೇ ರೀತಿ ಇರುತ್ತದೆ.

ಹಾರ್ಮೋನಿನ ಕೊರತೆ ತುಂಬಲು ಥೈರಾಕ್ಸಿನ್ ಮಾತ್ರೆ ಬರೆದುಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಲ್ಲಿ ನುಂಗಿ. ಕಾಫಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರ ಇರಲಿ. 6ರಿಂದ 8 ವಾರಕ್ಕೆ ಟಿಎಸ್‌ಎಚ್ ಮತ್ತೆ ಮಾಡಿಸಿ, ಆ ಹಳೆಯ ಹಾಳೆಯನ್ನೂ ಜೊತೆಗೇ ಒಯ್ಯಿರಿ.