ಬುದ್ಧಿಹಲ್ಲು ಕಿತ್ತ ಗುಳಿಯಲ್ಲಿ ಕಾಣುವ ಬಿಳಿ ಪೊರೆ

ಬುದ್ಧಿಹಲ್ಲು ಕಿತ್ತ ಮೂರನೇ ದಿನ ಬರುವ ಫೋನುಗಳಲ್ಲಿ ಹೆಚ್ಚಿನವು ‘ಡಾಕ್ಟ್ರೇ, ಗಾಯ ಕೀವಾಗಿದೆ’ ಅಂತಲೇ ಶುರು. ಮೊಬೈಲ್ ಟಾರ್ಚ್ ಹಿಡಿದು ಕನ್ನಡಿಯಲ್ಲಿ ನೋಡಿರುತ್ತಾರೆ, ಗುಳಿಯೊಳಗೆ ಬಿಳಿ-ಹಳದಿ ಪೊರೆ ಕಂಡಿರುತ್ತದೆ. ಬಹುಪಾಲು ಅದು ಕೀವಲ್ಲ, ರಕ್ತ ಹೆಪ್ಪುಗಟ್ಟುವಾಗ ಹುಟ್ಟುವ ಫೈಬ್ರಿನ್ ಎಂಬ ನಾರು. ಮೊಣಕಾಲು ತರಚಿದರೆ ಇದೇ ನಾರು ಒಣಗಿ ಹಕ್ಕಳೆಯಾಗುತ್ತದೆ. ಬಾಯಲ್ಲಿ ಒಣಗಲು ಜಾಗವೆಲ್ಲಿ? ಎಂಜಲಲ್ಲಿ ನೆನೆದು ಬೆಳ್ಳಗಾಗುತ್ತದೆ. ಕೀವಾದರೆ ವಸಡು ಒತ್ತಿದಾಗ ಹರಿದುಬರುತ್ತದೆ, ಬಾಯಿಗೆ ಕೆಟ್ಟ ರುಚಿ ಕೊಡುತ್ತದೆ. ಫೈಬ್ರಿನ್ ಹರಿಯುವುದಿಲ್ಲ, ಅಂಟಿಕೊಂಡೇ ಇರುತ್ತದೆ. ಅದನ್ನು ಹತ್ತಿಯಿಂದ ಒರೆಸಿ ‘ಸ್ವಚ್ಛ’ ಮಾಡಿಕೊಂಡು ಬಂದವರಿಗೆ ನಾನು ಮತ್ತೆ ಮೊದಲ ದಿನದಿಂದ ಲೆಕ್ಕ ಹಾಕಬೇಕಾಗುತ್ತದೆ.

ಹೊಸನಗರ, ಆಗುಂಬೆಯಂಥ ದೂರದ ಊರುಗಳಿಂದ ಬರುವವರಿಗೆ ಬೆಳಗಿನ ಹೊತ್ತನ್ನೇ ಕೊಡುತ್ತೇನೆ. ಹಲ್ಲು ತೆಗೆದ ಮೇಲೆ ಹತ್ತಿಯುಂಡೆಯನ್ನು 45 ನಿಮಿಷ ಬಿಗಿಯಾಗಿ ಕಚ್ಚಿಸಿ, ರಕ್ತ ನಿಂತದ್ದನ್ನು ಕಣ್ಣಾರೆ ನೋಡಿಯೇ ಬಸ್ಸಿಗೆ ಕಳಿಸುವುದು. ಐದೈದು ನಿಮಿಷಕ್ಕೆ ಹತ್ತಿ ತೆಗೆದು ನೋಡಿದರೆ ಹೆಪ್ಪು ಅದರ ಜೊತೆಗೇ ಕಿತ್ತುಬರುತ್ತದೆ. ಆ ದಿನ ಉಗುಳಬಾರದು, ಎಂಜಲು ನುಂಗಬೇಕು. ಸ್ಟ್ರಾ ಬೇಡ, ಬೀಡಿ-ಸಿಗರೇಟು ಬೇಡ. ಬಾಯಿ ಮುಕ್ಕಳಿಸುವುದು 24 ಗಂಟೆ ಕಳೆದ ಮೇಲೆ: 200 ಎಂಎಲ್ ಉಗುರುಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು, ಊಟವಾದಾಗೆಲ್ಲ. ‘ಗುಳಗುಳ’ ಅನ್ನಿಸದೆ ತಲೆ ವಾಲಿಸಿ ನೀರು ನಿಲ್ಲಿಸಿ, ಬಾಯಿಂದ ತಾನೇ ಸುರಿದುಹೋಗಲು ಬಿಡಬೇಕು.

ಕೆನ್ನೆಯ ಊತ ಎರಡು-ಮೂರನೇ ದಿನ ತುತ್ತತುದಿಗೆ ಹೋಗಿ ಆಮೇಲೆ ಇಳಿಯುತ್ತದೆ. ಕೆಲವರಿಗೆ ಕೆನ್ನೆಯಿಂದ ಕತ್ತಿನವರೆಗೂ ನೀಲಿ ಕಲೆ ಇಳಿದು, ಹಸಿರು-ಹಳದಿಯಾಗಿ ಮಾಯವಾಗುತ್ತದೆ. ನೋಡಲು ಭಯಂಕರ, ಅಷ್ಟೇ.

ಕವಳದ, ಅಂದರೆ ಎಲೆ-ಅಡಿಕೆಯ, ವಿಷಯ ಬಂದರೆ ನಾನು ಸ್ವಲ್ಪ ಗಡುಸು. ಅಡಿಕೆ ಚೂರು ಗಟ್ಟಿ, ಗುಳಿಯೊಳಗೆ ಕೂತರೆ ಏಳುವುದಿಲ್ಲ. ಸುಣ್ಣ ಹಸಿ ವಸಡನ್ನು ಸುಡುತ್ತದೆ. ಕೆಂಪು ರಸದಲ್ಲಿ ನಿಜವಾದ ರಕ್ತ ಗೊತ್ತೇ ಆಗುವುದಿಲ್ಲ. ಜೊತೆಗೆ ಹೀರುವುದು, ಉಗುಳುವುದು. ಹೆಪ್ಪನ್ನು ಎಳೆಯಲು ಇನ್ನೇನು ಬೇಕು? ಹತ್ತು ದಿನ ಬಿಡಿ ಅನ್ನುತ್ತೇನೆ, ಹೊಗೆಸೊಪ್ಪನ್ನಂತೂ ಪೂರ್ತಿ. ವರ್ಷಗಟ್ಟಲೆ ಅಡಿಕೆ ಅಗಿದವರ ಕೆನ್ನೆಯ ಒಳಚರ್ಮ ನಾರುಗಟ್ಟಿ ಬಾಯಿ ಮೊದಲೇ ಸರಿಯಾಗಿ ತೆರೆಯುವುದಿಲ್ಲ. ಹಾಗಾಗಿ ಹಲ್ಲು ಕೀಳುವ ಮೊದಲೇ ಅವರ ಬಾಯಿಗೆ ಎಷ್ಟು ಬೆರಳು ಹಿಡಿಸುತ್ತದೆ ಎಂದು ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಬಿಗಿತ ನಮ್ಮಿಂದ ಬಂದದ್ದೋ ಹಳೆಯದೋ ಎಂಬ ಗೊಂದಲ ಬೇಡ.

ಊಟಕ್ಕೆ ಆರಿದ ಗಂಜಿ, ಮೊಸರನ್ನ, ತಂಬುಳಿ ಎಲ್ಲ ಸೈ. ತಂಬುಳಿಯ ಒಗ್ಗರಣೆ ಮಾತ್ರ ಬೇಡ. ಸಾಸಿವೆ ಕಾಳಿಗೂ ಕೆಳದವಡೆಯ ಗುಳಿಗೂ ಅದೇನು ಸ್ನೇಹವೋ.

ರೇಷ್ಮೆ ದಾರದ ಹೊಲಿಗೆಯನ್ನು ಏಳನೇ ದಿನ ಬಿಚ್ಚುತ್ತೇನೆ. ಕೆಲವೊಮ್ಮೆ ಅದಕ್ಕೂ ಮೊದಲೇ ಅಂಚು ಬಿಟ್ಟುಕೊಂಡು ತೂತು ಕಾಣುತ್ತದೆ. ಮತ್ತೆ ಹೊಲಿಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ, ಗುಳಿ ತಳದಿಂದ ತುಂಬಿಕೊಂಡು ಬರುತ್ತದೆ. ಈ ಹೊತ್ತಿಗೆ ಬಿಳಿ ಪೊರೆ ಕಳಚಿ ಕೆಂಪಗೆ, ಹರಳುಹರಳಾಗಿ, ಮುಟ್ಟಿದರೆ ರಕ್ತ ಜಿನುಗುವ ಹೊಸ ಮಾಂಸ ಇಣುಕುತ್ತದೆ. ನಾನು ನೋಡಬಯಸುವುದು ಅದನ್ನೇ. ಐದನೇ ದಿನದ ನಂತರ ಸೂಜಿ ತೆಗೆದ 10 ಎಂಎಲ್ ಸಿರಿಂಜಿನಲ್ಲಿ ಉಪ್ಪುನೀರು ತುಂಬಿ, ತುದಿಯನ್ನು ಗುಳಿಯೊಳಗೆ ತುರುಕದೆ ಅದರ ಅಂಚಿನಲ್ಲಿಟ್ಟು ಮೆಲ್ಲಗೆ ಹಾಯಿಸಿದರೆ ಅನ್ನದಗುಳು ಹೊರಬರುತ್ತದೆ. ಕಡ್ಡಿ, ಪಿನ್ನು ಬೇಡವೇ ಬೇಡ. ಮೂರು-ನಾಲ್ಕು ವಾರಕ್ಕೆ ವಸಡು ಮೇಲೆ ಮುಚ್ಚುತ್ತದೆ, ತಗ್ಗು ಉಳಿಯುತ್ತದೆ. ಕೆಳಗೆ ಮೂಳೆ ತುಂಬಲು ಮೂರರಿಂದ ಆರು ತಿಂಗಳು. ಹೊಸ ವಸಡು ತಿಳಿಗುಲಾಬಿ. ಕಂದು ವಸಡಿನವರಿಗೆ ಇದು ಎದ್ದು ಕಾಣುತ್ತದೆ. ಬಣ್ಣ ನಿಧಾನಕ್ಕೆ ಕೂಡಿಕೊಳ್ಳುತ್ತದೆ, ಕೆಲವರಲ್ಲಿ ತೆಳು ಗೆರೆಯೊಂದು ಉಳಿದೇಬಿಡುತ್ತದೆ.

ನಾನು ಬಣ್ಣಕ್ಕಿಂತ ನೋವು ಯಾವ ಕಡೆಗೆ ಹೊರಟಿದೆ ಎಂದು ಕೇಳುತ್ತೇನೆ. ಇಳಿಯುತ್ತಿದ್ದ ನೋವು ಮೂರು-ನಾಲ್ಕನೇ ದಿನ ತಿರುಗಿಬಿದ್ದು ಕಿವಿ, ಕಪಾಲಕ್ಕೆ ಹೊಡೆಯತೊಡಗಿ, ಮಾತ್ರೆಗೂ ಜಗ್ಗದೆ, ಬಾಯಿ ವಾಸನೆ ಬಂದರೆ ಅದು ಡ್ರೈ ಸಾಕೆಟ್. ಹೆಪ್ಪು ಹೋಗಿ ಬರಿಗುಳಿಯಲ್ಲಿ ಬೂದು ಮೂಳೆ ಕಾಣುತ್ತದೆ. ಊತ, ಜ್ವರ ಸಾಮಾನ್ಯವಾಗಿ ಇರುವುದಿಲ್ಲ, ಆಂಟಿಬಯಾಟಿಕ್ ನುಂಗಿದರೆ ಈ ನೋವು ಹೋಗುವುದೂ ಇಲ್ಲ. ಸಲೈನಿನಲ್ಲಿ ತೊಳೆದು, ಯೂಜೆನಾಲ್ ಔಷಧಿ ಹಚ್ಚಿದ ಪಟ್ಟಿಯನ್ನು ಸಡಿಲವಾಗಿ ತುಂಬಿ, ಒಂದೆರಡು ದಿನಕ್ಕೊಮ್ಮೆ ಬದಲಿಸುತ್ತೇನೆ. ಯೂಜೆನಾಲ್ ಲವಂಗದ್ದೇ ಸತ್ವ ಎಂದು ತಿಳಿದವರು ಲವಂಗದೆಣ್ಣೆಯನ್ನೇ ಸುರಿದುಕೊಳ್ಳುವುದುಂಟು. ವಸಡು ಸುಟ್ಟು ಬೆಳ್ಳಗಾಗಿ, ಮತ್ತೆ ‘ಕೀವಾಗಿದೆ’ ಅಂತ ಫೋನು.

ಮೂರನೇ ದಿನದ ಮೇಲೂ ಊತ ಏರುತ್ತಿದ್ದರೆ, ಜ್ವರ 100.4 ಡಿಗ್ರಿ ದಾಟಿದರೆ, ದವಡೆಯಡಿ ಕಲ್ಲಿನಂತೆ ಗಟ್ಟಿಯಾಗಿ ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಿನ ಬಸ್ಸಿಗೆ ಕಾಯಬಾರದು. ಯಾವ ಹೊತ್ತಾದರೂ ಸರಿ, ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡಾಸ್ಪತ್ರೆಗೆ ಹೊರಡಬೇಕು.

ಎಲ್ಲ ವಾಸಿಯಾಯಿತು ಅನ್ನುವಾಗ, ಕೆಲವು ವಾರಗಳ ಮೇಲೆ, ನಾಲಗೆಯ ಬದಿಯಲ್ಲಿ ಮುಳ್ಳಿನಂಥದ್ದು ಚುಚ್ಚಬಹುದು. ‘ಬೇರು ಒಳಗೇ ಬಿಟ್ಟಿದ್ದೀರಿ’ ಅಂತ ಜಗಳಕ್ಕೇ ಬರುತ್ತಾರೆ. ಸಾಮಾನ್ಯವಾಗಿ ಅದು ಮೂಳೆಯ ಅಂಚು ಅಥವಾ ಸಣ್ಣ ಚಕ್ಕೆ. ಅನುಮಾನವಿದ್ದರೆ ಒಂದು ಎಕ್ಸ್‌ರೇ ತೆಗೆದು ತೋರಿಸುತ್ತೇನೆ. ಚಕ್ಕೆ ಹೆಚ್ಚಾಗಿ ತಾನೇ ಉದುರುತ್ತದೆ, ಉದುರದಿದ್ದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೆಗೆಯಲು ಐದು ನಿಮಿಷದ ಕೆಲಸ.