ನಾಟಕ ಕಂಪನಿಯ ಪಟ್ಟು, ಖಣದ ಅಂಗಡಿಗೆ: ‘ಪಂಚಮಿ ಉಡಿ’ ಮಾರುವುದು ಹೇಗೆ?

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ತೇರು ಎಳೆದಾದ ಮೇಲೂ ಜಾತ್ರೆ ವಾರಗಟ್ಟಲೆ ಕರಗುವುದಿಲ್ಲ. ಅದಕ್ಕೆ ದೊಡ್ಡ ಕಾರಣ ನಾಟಕ ಕಂಪನಿಗಳು. ಒಂದರ ಪಕ್ಕ ಒಂದು ಟೆಂಟ್, ಎಲ್ಲರದ್ದೂ ಹಾಸ್ಯವೇ ಬಂಡವಾಳ. ಆದರೂ ಒಂದು ಟೆಂಟ್ ತುಂಬುತ್ತದೆ, ಇನ್ನೊಂದರಲ್ಲಿ ಕುರ್ಚಿ ಖಾಲಿ. ಗುಳೇದಗುಡ್ಡದ ಖಣ, ಅಂದರೆ ಕುಬುಸದ (ರವಿಕೆಯ) ಬಟ್ಟೆ, ಮಾರುವವರ ಫಜೀತಿಯೂ ಇದೇ: ಅಕ್ಕಪಕ್ಕದ ಅಂಗಡಿಯಲ್ಲೂ ಅದೇ ಖಣ. ಹಾಗಾಗಿ ಕಂಪನಿಯವರ ಪಟ್ಟುಗಳನ್ನು 10×20 ಅಡಿಯ ಬಟ್ಟೆ ಅಂಗಡಿಗೆ ಹೊಂದಿಸಿ ನೋಡಬಹುದು. ಸಂದರ್ಭ ನಾಗರ ಪಂಚಮಿ, ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಮಾರುವ ಸರಕು ‘ಪಂಚಮಿ ಉಡಿ’, ಅಂದರೆ ಮಗಳ ಸೆರಗಿಗೆ ತುಂಬುವ ಖಣ-ಕೊಬ್ಬರಿಯ ಕಟ್ಟು.

ಬೋರ್ಡಿನಲ್ಲಿ ಒಂದೇ ಮಾತು

ನಾಟಕದ ಬೋರ್ಡ್ ನೋಡಿ. ಒಂದು ಹೆಸರು, ಹಾಸ್ಯನಟನ ದೊಡ್ಡ ಮುಖ, ಆಟದ ಹೊತ್ತು. ಅಷ್ಟೇ. ನಮ್ಮ ಅಂಗಡಿ ಬೋರ್ಡಿನಲ್ಲಿ ಸೀರೆ, ಧೋತರ, ಶರ್ಟಿಂಗು, ಹಾಸಿಗೆ ಬಟ್ಟೆ, ಮೂರು ಮೊಬೈಲ್ ನಂಬರು. ಒಂಬತ್ತು ದಿನದ ಮಟ್ಟಿಗೆ ಅದನ್ನೆಲ್ಲ ಮುಚ್ಚಿ ‘ಪಂಚಮಿ ಉಡಿ’ ಎಂದಷ್ಟೇ ಬರೆಸಿ, ಕೆಳಗೆ ಮಡಚಿದ ಖಣದ ಚಿತ್ರ ಹಾಕಿ. ನಾಟಕದವರ ದ್ವಂದ್ವಾರ್ಥದ ಹೆಸರುಗಳನ್ನು ಮಾತ್ರ ಅವರಿಗೇ ಬಿಟ್ಟುಬಿಡಿ.

ತಾರೀಖನ್ನು ದರ್ಜಿಯನ್ನು ಕೇಳಿ ಗೊತ್ತುಮಾಡಿ

ಹಲವರು ಎಡವುವುದು ಇಲ್ಲೇ. ಹಬ್ಬಕ್ಕೆ ನಾಲ್ಕು ದಿನವಿದೆ ಎನ್ನುವಾಗ ಮಾರಾಟ ಶುರು ಮಾಡುತ್ತಾರೆ. ಅಷ್ಟೊತ್ತಿಗೆ ಊರಿನ ದರ್ಜಿಗಳು ‘ಇನ್ನು ಕುಬುಸ ತಗೊಳ್ಳೋದಿಲ್ಲ’ ಎಂದಿರುತ್ತಾರೆ. ಹೊಲಿಸಲಾಗದ ಖಣವನ್ನು ಯಾರು ಕೊಳ್ಳುತ್ತಾರೆ? ಇಬ್ಬರು ದರ್ಜಿಗಳನ್ನು ಮೊದಲೇ ಕಂಡು ಅವರ ಕೊನೆಯ ತಾರೀಖು ಕೇಳಿಕೊಳ್ಳಿ, ಅದಕ್ಕೆ ಒಂದು ವಾರ ಮುಂಚೆ ಬೋರ್ಡ್ ಏರಿಸಿ. ಅಂದರೆ ನಾಗರ ಅಮಾವಾಸ್ಯೆಗೂ ಮೊದಲೇ ಮಾರಾಟ ಕಾವೇರಿರಬೇಕು. ಬೋರ್ಡ್ ಇಳಿಸುವ ದಿನ ರೊಟ್ಟಿ ಪಂಚಮಿ (ನಾಗರ ಪಂಚಮಿಗೆ ಮುನ್ನ ಬರುವ ರೊಟ್ಟಿ ಹಬ್ಬ), ಅದನ್ನೂ ಬೋರ್ಡಿನಲ್ಲೇ ಬರೆಯಿರಿ. ‘ಕೊನೆಯ ಮೂರು ಆಟ’ ಎಂದು ಸಾರಿದ ಕಂಪನಿ ಮತ್ತೆ ಹದಿನೈದು ದಿನ ಆಡಿದರೆ ಮುಂದಿನ ವರ್ಷ ಅದರ ಮಾತು ಯಾರೂ ನಂಬುವುದಿಲ್ಲ. ಅಂಗಡಿಗೂ ಅಷ್ಟೇ.

ಉಡಿ ಕಟ್ಟುವ ಬಗೆ

ಒಂದು ಖಣ, ಒಂದು ಬಟ್ಟಲು ಕೊಬ್ಬರಿ, ಐದು ಉತ್ತತ್ತಿ, ಐದು ಅಡಿಕೆ, ಐದು ಅರಿಶಿನ ಕೊಂಬು, ಕುಂಕುಮ. ಮೂರು ದರ್ಜೆ ಸಾಕು: ಸಾದಾ ಖಣದ್ದು, ಕೈಮಗ್ಗದ ಖಣದ್ದು, ಇಳಕಲ್ ಸೀರೆ ಸಹಿತದ್ದು. ಮೊದಲ ದಿನಕ್ಕೆ ಇದೇ ಕ್ರಮದಲ್ಲಿ 10, 15, 5 ಉಡಿ ಕಟ್ಟಿ, ಎರಡು ದಿನದ ಓಟ ನೋಡಿ ಮುಂದಿನದು ಕಟ್ಟಿ.

ಕುಂಕುಮವನ್ನು ಕಾಗದದ ಪುಡಿಕೆಯಲ್ಲಿ ಹಾಕಿದರೆ ಅದು ಒಡೆದು ಖಣಕ್ಕೆ ಕಲೆ ಹತ್ತುತ್ತದೆ, ಆ ಖಣ ನಷ್ಟದ ಲೆಕ್ಕಕ್ಕೆ ಹೋಯಿತು. ಸಣ್ಣ ಜಿಪ್ ಚೀಲ ಬಳಸಿ. ಹೊರಗೆ ಜಿಟಿಜಿಟಿ ಮಳೆ ಇರುವುದರಿಂದ ಕೊಬ್ಬರಿಗೆ ಬೂಷ್ಟು ಬರುತ್ತದೆ. ಅದನ್ನು ಡಬ್ಬಿಯಲ್ಲಿಟ್ಟು, ಗಿರಾಕಿಯ ಎದುರಿಗೇ ಉಡಿಗೆ ಸೇರಿಸಿ. ಹಬ್ಬ ಹತ್ತಿರವಾದಂತೆ ಕೊಬ್ಬರಿ ದರ ಏರಿದರೆ ನಷ್ಟ ನಿಮ್ಮದೇ, ಹೀಗಾಗಿ ಬೆಲೆ ಬರೆಯುವ ಮೊದಲೇ ಪೂರ್ತಿ ಸರಕು ತಂದಿಡಿ.

ಜೋಕಾಲಿ ಒಳಗೆ

ಜಾತ್ರೆಯಲ್ಲಿ ತಿರುಗುವ ದೊಡ್ಡ ತೊಟ್ಟಿಲನ್ನು ಬಾಗಿಲಲ್ಲೇ ನಿಲ್ಲಿಸುವುದಿಲ್ಲ, ಬಳೆ-ಆಟಿಕೆ ಸಾಲು ದಾಟಿಯೇ ಅಲ್ಲಿಗೆ ಹೋಗಬೇಕು. ಪಂಚಮಿಯ ಜೋಕಾಲಿಯನ್ನು ಅಂಗಡಿ ಮುಂದೆ ಕಟ್ಟಿದರೆ ಜನ ಆಡಿ, ಫೋಟೊ ತೆಗೆಸಿಕೊಂಡು ಹಾಗೇ ಹೋಗುತ್ತಾರೆ, ಬಾಗಿಲಿಗೂ ಅಡ್ಡವಾಗುತ್ತದೆ. ಬಾಗಿಲಿನಿಂದ 12 ಅಡಿ ಒಳಕ್ಕೆ ಕಟ್ಟಿ. ಹೋಗುವ ದಾರಿಯಲ್ಲಿ ಉಡಿಗಳ ಸಾಲು, ಮರಳುವ ದಾರಿಯಲ್ಲಿ ಹಣದ ಗಲ್ಲೆ.

ಕಾಂಕ್ರೀಟ್ ತೊಲೆಗೆ ಕೊಕ್ಕೆ ಹಾಕಿಸಿ. ಶಟರಿನ ಪೈಪಿಗೆ ಕಟ್ಟುವುದು ಬೇಡ, ಅದು ಆ ಭಾರಕ್ಕೆ ಮಾಡಿದ್ದಲ್ಲ. ನುಣುಪಾದ ನೈಲಾನ್ ಹಗ್ಗದ ಗಂಟು ಜಾರುತ್ತದೆ, ನೂಲಿನ ದಪ್ಪ ಹಗ್ಗ ಇರಲಿ. ಹಲಗೆಯನ್ನು ಹಿಂದಿನಿಂದ ಒಂದು ತುಂಡು ಹಗ್ಗದಿಂದ ಬಿಗಿದರೆ ಒಂದಡಿಗಿಂತ ಹೆಚ್ಚು ತೂಗುವುದಿಲ್ಲ. ಅಂಗಡಿ ಹೆಸರು ಕೂತವರ ತಲೆಯ ಹಿಂದೆ, ನೆಲದಿಂದ ನಾಲ್ಕೈದು ಅಡಿಯಲ್ಲಿ ಇರಲಿ. ಒಂಬತ್ತು ಅಡಿ ಮೇಲೆ ಬರೆಸಿದ್ದು ಫೋಟೊದಲ್ಲಿ ಬರುವುದೇ ಇಲ್ಲ. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಮೇಲಲ್ಲ.

ಆಟೊ ಮತ್ತು ಚೀಟಿ

ಗಂಟೆಗೆ 15 ಕಿ.ಮೀ. ವೇಗದ ಆಟೊ ಹತ್ತು ಸೆಕೆಂಡಿನಲ್ಲಿ ಸುಮಾರು 40 ಮೀಟರ್ ದಾಟುತ್ತದೆ. ಬಾಗಿಲಲ್ಲಿ ನಿಂತವರಿಗೆ ಕಿವಿಗೆ ಬೀಳುವುದು ಅಷ್ಟೇ ಹೊತ್ತು. ‘ಪ್ರಿಯ ಬಂಧುಗಳೇ’ ಎಂದು ಎಳೆದರೆ ಅಂಗಡಿ ಹೆಸರು ಮುಂದಿನ ಓಣಿಯವರಿಗೆ ಕೇಳುತ್ತದೆ. ನಾಟಕದ ಆಟೊದವರ ಹಾಗೆ ಹೆಸರು, ಜಾಗ, ಕೊನೆಯ ದಿನ ಇಷ್ಟನ್ನೇ ಹತ್ತು ಸೆಕೆಂಡಿಗೊಮ್ಮೆ ಹೇಳಿಸಿ. ಧ್ವನಿವರ್ಧಕಕ್ಕೆ ಮೊದಲೇ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧವಿದೆ.

ಕಮತಗಿ, ಕೆರೂರ, ಅಮೀನಗಡ, ಪಟ್ಟದಕಲ್ಲು, ಐಹೊಳೆ ಕಡೆಗೆ ಊರಿಗೊಂದು ಬಣ್ಣದಂತೆ ನೂರು ನೂರು ಚೀಟಿ ಹಂಚಿ. ‘ಚೀಟಿ ತಂದವರಿಗೆ ಒಂದು ಶೇಂಗಾ ಉಂಡಿ’ ಎಂದಿರಲಿ. ರಾತ್ರಿ ಗಲ್ಲೆ ಎಣಿಸುವಾಗ ಚೀಟಿಗಳನ್ನೂ ಬಣ್ಣವಾರು ಎಣಿಸಿದರೆ ಯಾವ ಊರಿಗೆ ಆಟೊ ಮತ್ತೊಮ್ಮೆ ಕಳಿಸಬೇಕು, ಯಾವುದಕ್ಕೆ ಡೀಸೆಲ್ ದಂಡ ಎಂಬುದು ಗೊತ್ತಾಗುತ್ತದೆ.

ರೊಟ್ಟಿ ಪಂಚಮಿಯ ರಾತ್ರಿ ಬೋರ್ಡ್ ಇಳಿಸಿ. ಉಳಿದ ಉಡಿಗಳನ್ನು ಬಿಚ್ಚಿ ಖಣವನ್ನು ಕಪಾಟಿಗೆ ಸೇರಿಸಿ. ಮರುದಿನ ‘ಉಡಿ ಐತೇನ್ರಿ?’ ಎಂದು ಬಂದವರಿಗೆ ‘ಮುಗೀತ್ರಿ’ ಎನ್ನಿ. ಮನೆಯಲ್ಲಿ ಕುಬುಸದ ಕಾರ್ಯ (ಬಸುರಿಗೆ ಸೀರೆ-ಖಣ ಕೊಟ್ಟು ಉಡಿ ತುಂಬುವ ಸಂಭ್ರಮ) ಯಾವಾಗ ಎಂದು ಕೇಳಿ, ಒಪ್ಪಿದರೆ ನಂಬರಿನ ಜತೆ ಆ ತಿಂಗಳನ್ನೂ ವಹಿಯಲ್ಲಿ ಬರೆದಿಟ್ಟುಕೊಳ್ಳಿ.