ಯುಟಿಲಿಟಿಯಲ್ಲಿ ನೀರಿನ ಮೀಟರ್ ಎಲ್ಲಿ ಕೂರಿಸಿದೆ: ನನ್ನ ಅನುಭವ

ನಮ್ಮದು ಬೆಂಗಳೂರಿನ ಸಣ್ಣ ಫ್ಲಾಟ್. ಯುಟಿಲಿಟಿ ನಾಲ್ಕಡಿ ಅಗಲ, ಅಷ್ಟೇ. ಮೊದಲು ಪ್ಲಂಬರ್ ಮೀಟರನ್ನು ವಾಷಿಂಗ್ ಮಷಿನ್ ಹಿಂದೆ, ನೇರ ಕೆಳಗಿಳಿಯುವ ಪೈಪಿಗೆ, ಎಲ್ಬೋ (ಪೈಪ್ ತಿರುಗುವ ಮೂಲೆ) ಪಕ್ಕದಲ್ಲೇ ಹಾಕಿಬಿಟ್ಟಿದ್ದರು. ಓದಬೇಕೆಂದರೆ ಟಾರ್ಚ್ ಹಿಡಿದು ಬಗ್ಗಬೇಕಿತ್ತು. ಅದಕ್ಕಿಂತ ಜಾಸ್ತಿ ಚಿಂತೆ ಲೆಕ್ಕದ್ದು. ನಲ್ಲಿಯನ್ನು ಸಣ್ಣಗೆ ಬಿಟ್ಟರೆ ಡಯಲ್ ಮೇಲಿನ ಪುಟ್ಟ ಕೆಂಪು ಚಕ್ರ ಅಲ್ಲಾಡುತ್ತಲೇ ಇರಲಿಲ್ಲ.

20 ಲೀಟರ್ ಕ್ಯಾನ್ ಐದು ಸಲ ತುಂಬಿಸಿ ನೋಡಿದೆ. ಮೀಟರ್ ತೋರಿಸಿದ್ದು 94 ಲೀಟರ್.

ಮೀಟರ್ ಜೊತೆ ಬಂದ ಚೀಟಿಯಲ್ಲಿ ಕಾರಣ ಸಿಕ್ಕಿತು. ನಮ್ಮದು ಮಲ್ಟಿಜೆಟ್ ಮೀಟರ್, ಅಂದರೆ ಹಲವು ಸಣ್ಣ ತೂತುಗಳಿಂದ ಬರುವ ನೀರು ಒಳಗಿನ ಚಕ್ರ ತಿರುಗಿಸುವಂಥದ್ದು. ಅದು ಮಟ್ಟವಾಗಿ ಮಲಗಿರಬೇಕು, ಮುಖ ಮೇಲಕ್ಕಿರಬೇಕು. ಓರೆಯಾದರೆ ಒಳಗಿನ ಚಕ್ರ ಉಜ್ಜುತ್ತದೆ, ಸಣ್ಣ ಧಾರೆ ಲೆಕ್ಕಕ್ಕೇ ಬರುವುದಿಲ್ಲ. ಎಲ್ಬೋ ಹತ್ತಿರವಿದ್ದರೆ ನೀರು ಸುಳಿಯುತ್ತಾ ಬರುತ್ತದೆ. ಹಾಗಾಗಿ ಮೀಟರಿಗೆ ಮುಂಚೆ ಪೈಪಿನ ವ್ಯಾಸದ ಹತ್ತರಷ್ಟು, ಆಮೇಲೆ ಐದರಷ್ಟು ಉದ್ದದ ನೇರ ಪೈಪ್ ಬೇಕು. 15 ಮಿ.ಮೀ. ಪೈಪಿಗೆ ಅದು 15 ಸೆಂ.ಮೀ. ಮತ್ತು 7.5 ಸೆಂ.ಮೀ. ಇಷ್ಟು ಜಾಗ ಎಂಥ ಯುಟಿಲಿಟಿಯಲ್ಲೂ ಸಿಗುತ್ತದೆ, ಅಲ್ವಾ?

ಪಕ್ಕದ ಗೋಡೆಗೆ, ನೆಲದಿಂದ ಎರಡಡಿ ಎತ್ತರದಲ್ಲಿ ಅಡ್ಡ ಪೈಪ್ ಎಳೆಸಿದೆ. ಮೀಟರ್ ದಾಟಿದ ಮೇಲೆ ಪೈಪ್ ಮೇಲಕ್ಕೇರುವುದರಿಂದ ಮೀಟರಿನೊಳಗೆ ಗಾಳಿ ನಿಲ್ಲುವುದಿಲ್ಲ. ಮುಂದೊಂದು ನೀರು ನಿಲ್ಲಿಸುವ ಬಾಲ್ ವಾಲ್ವ್, ಮೀಟರ್ ಬಿಚ್ಚಲು ಎರಡೂ ಕಡೆ ಯೂನಿಯನ್ ಎಂಬ ಜೋಡಣೆ. ಮೀಟರ್ ಮೈಮೇಲಿನ ಬಾಣದ ಗುರುತು ನೀರು ಹೋಗುವ ಕಡೆಗೇ ಇದೆಯಾ ಎಂದು ನಾನೇ ನಿಂತು ನೋಡಿದೆ.

ಮತ್ತೆ ಐದು ಕ್ಯಾನ್ ತುಂಬಿಸಿದೆ. ಈ ಸಲ 99.5. ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟರೂ ಕೆಂಪು ಚಕ್ರ ಮೆಲ್ಲಗೆ ತಿರುಗುತ್ತಿತ್ತು.